ಉಪಕಾರದ ಲೆಕ್ಕ ಬರೆಸಿ ತಪ್ಪು ಮಾಡಿದೆ

ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಆಪ್ತ ಸಮಾಲೋಚಕಿ. ಕಳೆದ ಜೂನ್‌ನಲ್ಲಿ 14 ಮಕ್ಕಳ ಒಂದು ಗುಂಪು ಮಾಡಿಕೊಂಡೆ. ರಾತ್ರಿ ಮಲಗುವ ಮುಂಚೆ ನಿಮಗೆ ಯಾರಿಂದಾದರೂ ಆದ ಮೂರು ಉಪಕಾರ ನೆನೆದು ಬರೆಯಿರಿ ಎಂದೆ. ಬದುಕಿನ ತೃಪ್ತಿ ನೋಡಲು ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಜೊತೆಗಾರರು 1985ರಲ್ಲಿ ಪ್ರಕಟಿಸಿದ ಅಳತೆಪಟ್ಟಿ ಕೊಟ್ಟೆ. ಬರೀ ಐದು ವಾಕ್ಯ. ಒಂದೊಂದಕ್ಕೆ 1ರಿಂದ 7ರವರೆಗೆ ಅಂಕ. ಒಟ್ಟು 5ರಿಂದ 35ರೊಳಗೆ ಬರುತ್ತದೆ.

ಎರಡು ವಾರ ಕಳೆದು ಪುಸ್ತಕ ನೋಡಿದರೆ ಹೆಚ್ಚಿನವರು ಬರೆದದ್ದನ್ನೇ ಬರೆದಿದ್ದರು. ಅಮ್ಮ, ಅಪ್ಪ, ದೇವರು. ಮತ್ತೆ ಅಮ್ಮ, ಅಪ್ಪ, ದೇವರು.

ಒಬ್ಬ ಹುಡುಗಿಯದು ಮಾತ್ರ ಬೇರೆ. ಅವಳ ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ಮನೆಗೆ ದುಡ್ಡು ಬರುವುದಿಲ್ಲ. ‘ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದರು’ ಎಂದು ಅವಳು ದಿನಾ ಬರೆದಿದ್ದಳು. ಅವಳ ತೃಪ್ತಿಯ ಅಂಕ ಮೊದಲಿಗಿಂತ ಕಡಿಮೆಯಾಗಿತ್ತು.

"ಮೇಡಂ, ಬರೆದಷ್ಟೂ ನಾನು ಮನೆಗೆ ಭಾರ ಅಂತ ಅನ್ನಿಸ್ತದೆ" ಎಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಅವಳಿಂದ ಉಪಕಾರ ಬರೆಸಿರಲಿಲ್ಲ, ಸಾಲದ ಲೆಕ್ಕ ಬರೆಸಿದ್ದೆ. ನಮ್ಮಲ್ಲಿ ಉಪಕಾರ ಮತ್ತು ಋಣ ಪಕ್ಕಪಕ್ಕದ ಮಾತು, ಅಲ್ವಾ? ಆದರೆ ಮನಸ್ಸಿನಲ್ಲಿ ಎರಡೂ ಒಂದೇ ಅಲ್ಲ. ಉಪಕಾರ ನೆನೆದಾಗ ಆ ಮನುಷ್ಯನ ಹತ್ತಿರ ಹೋಗಬೇಕು ಅನ್ನಿಸುತ್ತದೆ. ಋಣ ಅಂದುಕೊಂಡಾಗ ಅವರ ಮುಖ ನೋಡಲೂ ಹಿಂಜರಿಕೆ.

ಎರಡು ಬದಲಾವಣೆ ಮಾಡಿದೆ. ದಿನಾ ಬರೆಯುವುದನ್ನು ನಿಲ್ಲಿಸಿ ಶನಿವಾರಕ್ಕೊಮ್ಮೆ ಮಾಡಿದೆ. ಮನಶ್ಶಾಸ್ತ್ರಜ್ಞರಾದ ಎಮ್ಮನ್ಸ್ ಮತ್ತು ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಒಂದು ಗುಂಪಿನ ಕಾಲೇಜು ಮಕ್ಕಳು ವಾರಕ್ಕೊಮ್ಮೆಯೇ, ಹತ್ತು ವಾರ ಉಪಕಾರ ನೆನೆದು ಬರೆದಿದ್ದರು. ಕಿರಿಕಿರಿಗಳನ್ನು ಬರೆದವರಿಗಿಂತ ಅವರಿಗೆ ತಮ್ಮ ಬದುಕು ಚೆನ್ನಾಗಿ ಕಂಡಿತ್ತು. ಇನ್ನೊಂದು, ಎಷ್ಟು ಖರ್ಚು ಮಾಡಿದರು ಅಂತ ಬೇಡ, ಏನು ಮಾಡಿದರು ಅಂತ ಬರೆಯಿರಿ ಎಂದೆ. ಕಣ್ಣಿಗೆ ಕಂಡದ್ದು ಮಾತ್ರ.

ಮುಂದಿನ ಶನಿವಾರ ಆ ಹುಡುಗಿ ಬರೆದಳು: ‘ಕರಾವಳಿ ಬೈಪಾಸಿನಲ್ಲಿ ಬಸ್ಸಿಳಿದಾಗ ಜೋರು ಮಳೆ. ಅಪ್ಪ ಕೊಡೆ ಹಿಡಿದು ನಿಂತಿದ್ದರು. ಕೊಡೆ ಪೂರ್ತಿ ನನ್ನ ಕಡೆಗೆ. ಅವರ ಒಂದು ಭುಜ ಒದ್ದೆ.’

ಓದಿ ನನ್ನ ಕಣ್ಣು ತುಂಬಿತು.

ದೇವರ ವಿಷಯಕ್ಕೆ ಬರುತ್ತೇನೆ. ವಾರಕ್ಕೆ ಎಷ್ಟು ಸಲ ದೇವಸ್ಥಾನಕ್ಕೆ, ಚರ್ಚಿಗೆ, ಮಸೀದಿಗೆ ಹೋಗುತ್ತೀರಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಯಾವಾಗ ಮನಸ್ಸು ಹಗುರ ಆಗುತ್ತದೆ ಎಂದು ಕೇಳುತ್ತೇನೆ. ಒಬ್ಬ ಹುಡುಗ ಕೃಷ್ಣಮಠದ ಕ್ಯೂನಲ್ಲಿ ನಿಲ್ಲುವುದಿಲ್ಲವಂತೆ. ಕನಕನ ಕಿಂಡಿಯಲ್ಲಿ ನೋಡಿ, ರಥಬೀದಿಯಲ್ಲಿ ಸುಮ್ನೆ ಕೂತು ಬರುತ್ತಾನೆ. ದೇವರನ್ನು ನಂಬದ ಇನ್ನೊಬ್ಬಳಿಗೆ ಸಂಜೆಯ ಕಡಲು ಸಾಕು. ಅಧ್ಯಾತ್ಮವನ್ನು ಅಳೆಯಲು ಲಿನ್ ಅಂಡರ್‌ವುಡ್ ರೂಪಿಸಿದ 16 ಪ್ರಶ್ನೆಗಳ ಪಟ್ಟಿಯಲ್ಲೂ ಸೃಷ್ಟಿಯ ಚೆಲುವಿಗೆ ಮನ ಸೋಲುವುದು ಸೇರಿದೆ. ಸಿಕ್ಕಿದ್ದಕ್ಕೆ ಉಪಕಾರ ನೆನೆಯುವುದೂ ಅದೇ ಪಟ್ಟಿಯಲ್ಲಿದೆ. ಅಂದರೆ ಅಧ್ಯಾತ್ಮ ಮತ್ತು ಉಪಕಾರದ ನೆನಪು, ಇವೆರಡನ್ನು ಬೇರೆ ಮಾಡುವುದೇ ಕಷ್ಟ.

ನನ್ನ ಗುಂಪು ಚಿಕ್ಕದು. ಮೊದಲೇ ಖುಷಿಯಾಗಿರುವವರಿಗೆ ಉಪಕಾರ ಬೇಗ ಕಾಣುತ್ತದೆ ಎಂಬುದೂ ನಿಜ. ಹಾಗಾಗಿ ಉಪಕಾರ ನೆನೆದದ್ದರಿಂದಲೇ ಖುಷಿ ಬಂತು ಎಂದು ನಾನು ಹೇಳಲಾರೆ. ಆದರೆ ನಂಬಿಕೆ ಏನು ಮಾಡುತ್ತದೆ ಎಂದು ಆ ಹುಡುಗಿಯಿಂದ ಸ್ವಲ್ಪ ತಿಳಿಯಿತು. ಅಪ್ಪ ಮೀನುಗಾರರು ನಂಬುವ ದೈವ ಬೊಬ್ಬರ್ಯನಿಗೆ ಕೈ ಮುಗಿದೇ ಕಡಲಿಗೆ ಇಳಿಯುವುದು ಎಂದಳು. "ಅಪ್ಪನನ್ನು ನೋಡಿಕೊಳ್ಳಲಿಕ್ಕೆ ನಾನೊಬ್ಬಳೇ ಅಲ್ಲ ಮೇಡಂ, ದೈವವೂ ಉಂಟು." ಹೊರೆಯ ಇನ್ನೊಂದು ತುದಿ ಹಿಡಿಯಲು ಯಾರೋ ಸಿಕ್ಕ ಹಾಗೆ ಇತ್ತು ಅವಳ ಮುಖ.

ಒಂದು ಮಾತು ಒತ್ತಿ ಹೇಳುತ್ತೇನೆ. ಅಳುತ್ತಾ ಬಂದ ಮಗುವಿಗೆ "ಇದ್ದದ್ದನ್ನು ನೆನೆ" ಎಂದು ದಯವಿಟ್ಟು ಹೇಳಬೇಡಿ. ಮೊದಲು ಅಳಲಿ. ನಾನೀಗ ಪುಸ್ತಕ ಕೊಡುವುದೇ ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ.

ಆಗಸ್ಟ್‌ನಲ್ಲಿ ಬೋಟುಗಳು ಹೊರಟ ಮೇಲೆ ಅವಳನ್ನು ಕೇಳಿದೆ, ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದ್ಯಾ ಅಂತ.

"ಇಲ್ಲ ಮೇಡಂ, ನಾಚಿಕೆ. ಆದರೆ ಈಗ ಫೀಸಿನ ಮಾತು ಬಂದಾಗ ಎದ್ದು ಒಳಗೆ ಹೋಗುವುದಿಲ್ಲ. ಅವರ ಹತ್ತಿರವೇ ಕೂತುಕೊಳ್ತೇನೆ."