ಮೂಲ ಬದಲಾದಾಗ ಕನ್ನಡ ಪುಟ ಹಳತಾಗದಂತೆ ನೋಡಿಕೊಂಡ ಬಗೆ

ಒಂದು ಮುಕ್ತ ತಂತ್ರಾಂಶದ ಜಾಲತಾಣದಲ್ಲಿ ಕನ್ನಡ ಕೈಪಿಡಿಯ ಹೊಣೆ ಹೊತ್ತಾಗ ನಾನು ಮಾಡಿದ ಮೊದಲ ತಪ್ಪೆಂದರೆ, ಇಂಗ್ಲಿಷಿನ ಮಾರ್ಕ್‌ಡೌನ್ (ಸರಳ ಪಠ್ಯದಲ್ಲಿ ಬರೆದ ಪುಟಗಳ) ಕಡತಗಳನ್ನು ಇಡಿಯಾಗಿ ನಕಲು ಮಾಡಿಕೊಂಡು ಅವುಗಳ ಮೇಲೆಯೇ ಕನ್ನಡ ಬರೆಯುತ್ತ ಹೋದದ್ದು. ಪುಟಗಳೇನೋ ಬೇಗ ಸಿದ್ಧವಾದವು; ಆದರೆ ಮುಂದಿನ ಆವೃತ್ತಿ ಬಂದು ಮೂಲದಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಬದಲಾದಾಗ, ನಮ್ಮ ಯಾವ ಪುಟ ಹಳತಾಗಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಾಣದ ಅನುವಾದಕರು ಪ್ರತಿ ಪುಟದ ತಲೆಯಲ್ಲಿ, ಅದು ಮೂಲದ ಯಾವ ಗಿಟ್ ಕಮಿಟ್‌ನ (ಬದಲಾವಣೆಗಳ ದಾಖಲೆಯಲ್ಲಿನ ಯಾವ ಹಂತದ) ಅನುವಾದ ಎಂಬುದನ್ನು ನಮೂದಿಸುತ್ತಾರೆ, ಅಷ್ಟನ್ನಾದರೂ ಮಾಡಬಹುದಿತ್ತು.

ಆಮೇಲೆ ಪಿಒ4ಎ ಎಂಬ ಉಪಕರಣವನ್ನು ಹಿಡಿದೆ. ಅದು ಪುಟವನ್ನು ಪ್ಯಾರಾಗಳಾಗಿ ಬಿಡಿಸಿ ಪಿಒ ಕಡತದಲ್ಲಿ, ಅಂದರೆ ಮೂಲವನ್ನೂ ಅದರ ಅನುವಾದವನ್ನೂ ಜೋಡಿಯಾಗಿಡುವ ಕಡತದಲ್ಲಿ, ಇಡುತ್ತದೆ. ಮೂಲದ ಪ್ಯಾರಾ ತುಸು ಬದಲಾದರೆ ಹಳೆಯ ಅನುವಾದವನ್ನು ಉಳಿಸಿಕೊಂಡೇ ಅದಕ್ಕೆ ‘ಫಜಿ’ (ಅಸ್ಪಷ್ಟ, ಮತ್ತೆ ನೋಡಬೇಕಾದದ್ದು) ಎಂಬ ಗುರುತು ಹಾಕಿ, ಆ ಗುರುತನ್ನು ಯಾರಾದರೂ ಪರಿಶೀಲಿಸಿ ತೆಗೆಯುವವರೆಗೆ ತಾಣದಲ್ಲಿ ಇಂಗ್ಲಿಷನ್ನೇ ತೋರಿಸುತ್ತದೆ. ಬೇರೆ ಮಿತಿ ಕೊಡದಿದ್ದರೆ, ಕನಿಷ್ಠ ಶೇ 80ರಷ್ಟಾದರೂ ಅನುವಾದವಾಗಿರದ ಪುಟವನ್ನು ಅದು ಹೊರತರುವುದೇ ಇಲ್ಲ.

ಕನ್ನಡದ ನಡುವೆ ಇಂಗ್ಲಿಷ್ ಪ್ಯಾರಾಗಳು ಇಣುಕುವುದನ್ನು ನೋಡಲಾರದೆ, ಬಿಡುಗಡೆಯ ಹಿಂದಿನ ರಾತ್ರಿ ನಲವತ್ತರಷ್ಟು ಫಜಿ ಗುರುತುಗಳನ್ನು ಒಂದೇ ಆಜ್ಞೆಯಲ್ಲಿ ಅಳಿಸಿಬಿಟ್ಟೆ. ಅವುಗಳಲ್ಲೊಂದು ಬ್ಯಾಕಪ್ ಕುರಿತದ್ದು. ಮೂಲದಲ್ಲಿ ‘ಸೇವೆಯನ್ನು ನಿಲ್ಲಿಸಿದ ನಂತರ’ ನಕಲು ತೆಗೆಯಬೇಕೆಂದು ತಿದ್ದಿದ್ದರು. ನಮ್ಮಲ್ಲಿ ‘ನಿಲ್ಲಿಸುವ ಮುನ್ನ’ ಎಂದೇ ಉಳಿದಿತ್ತು. ಓಡುತ್ತಿರುವ ಡೇಟಾಬೇಸಿನ ಕಡತಗಳನ್ನು ಹಾಗೆಯೇ ನಕಲಿಸಿದರೆ ಅರ್ಧ ಬರೆದ ಮಾಹಿತಿ ಕೈಗೆ ಬರಬಹುದು. ಓದುಗರೊಬ್ಬರು ಎರಡೂ ಪುಟಗಳನ್ನು ಹೋಲಿಸಿ ತಿಳಿಸುವವರೆಗೆ, ಮೂರು ವಾರ, ಆ ಸಾಲು ಅಲ್ಲಿಯೇ ಇತ್ತು. ಈಗ ಗುರುತುಗಳನ್ನು ಒಂದೊಂದಾಗಿಯೇ ತೆಗೆಯುತ್ತೇನೆ. ಬದಲಾಗುವ ಮುಂಚಿನ ಮೂಲವಾಕ್ಯವೂ ಪಿಒ ಕಡತದಲ್ಲಿ ‘#|’ ಎಂದು ಆರಂಭವಾಗುವ ಸಾಲುಗಳಲ್ಲಿ ಇರುವುದರಿಂದ, ಬದಲಾದ ಪದ ಯಾವುದೆಂದು ಹುಡುಕಾಡಬೇಕಿಲ್ಲ.

ಪದಗಳ ವಿಷಯದಲ್ಲಿ ನಾನು ಹಟ ಮಾಡುವುದಿಲ್ಲ: ತಂತ್ರಾಂಶದ ಗುಂಡಿಯ ಮೇಲೆ ‘ಉಳಿಸಿ’ ಎಂದಿದ್ದರೆ ಕೈಪಿಡಿಯಲ್ಲೂ ‘ಉಳಿಸಿ’, ಅಷ್ಟೇ. ಕಾಡಿದ್ದು ಬೇರೆಯದು. ‘ಸಾಫ್ಟ್‌ವೇರ್’ ಪದದ ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರವಿದೆ. ಅದಿಲ್ಲದೆ ‘ಸಾಫ್ಟ್ವೇರ್’ ಎಂದು ಬೆರಳಚ್ಚಿಸಿದವರಿಗೆ ತಾಣದ ಹುಡುಕಾಟದಲ್ಲಿ ಒಂದು ಪುಟವೂ ಸಿಗುತ್ತಿರಲಿಲ್ಲ. ಹುಡುಕುವ ಪದದಿಂದಲೂ ಹುಡುಕಾಟಕ್ಕೆ ಬಳಸುವ ಪದಸೂಚಿಯಿಂದಲೂ ಆ ಅಕ್ಷರವನ್ನು ತೆಗೆದುಹಾಕುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದ ಮೇಲೆ, ಎರಡು ಬಗೆಯಲ್ಲಿ ಹುಡುಕಿದರೂ ಅವೇ ಪುಟಗಳು ಸಿಗತೊಡಗಿದವು.