ಮರಡಿಹಳ್ಳಿ ಲಾವಾ ಬಂಡೆಯ ಬಣ್ಣ ಹಿಡಿಯುವುದು

ಚಿತ್ರದುರ್ಗದಲ್ಲಿ ಜ್ವಾಲಾಮುಖಿ ಶಿಲೆಯ ಫೋಟೊ ಬೇಕು ಎಂದವರು ಬಹಳ ಸಲ ಕೋಟೆ ಹತ್ತಿ ಬರುತ್ತಾರೆ. ಕೋಟೆಯ ಬಂಡೆ ಗ್ರಾನೈಟ್, ನೆಲದಾಳದಲ್ಲೇ ತಣಿದದ್ದು. ಲಾವಾ ಇರುವುದು ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಅಲ್ಲಿ ದಿಂಬುಗಳನ್ನು ಒಟ್ಟಿದಂತೆ ಹೆಪ್ಪುಗಟ್ಟಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು.

ಇಲ್ಲಿನ ಬಣ್ಣ ಕಣ್ಣಿಗೆ ಹೊಡೆಯುವಂಥದ್ದಲ್ಲ. ಕ್ಲೋರೈಟ್ ಖನಿಜದ ಬೂದು ಹಸಿರು, ಕಬ್ಬಿಣದಂಶ ತುಕ್ಕು ಹಿಡಿದ ಕಡೆ ಕಂದು, ಅಷ್ಟೇ. ಒಣ ಬಂಡೆಯ ಮೇಲೆ ನೆತ್ತಿ ಬಿಸಿಲು ಬಿದ್ದರೆ ಎರಡೂ ಒಂದೇ ಬೂದಿ. ಮಳೆ ನಿಂತು ಕಲ್ಲು ಇನ್ನೂ ಒದ್ದೆ ಇರುವಾಗ ಹಸಿರು ಎದ್ದು ಕಾಣುತ್ತದೆ. ಹಾಗಾಗಿ ಸೆಪ್ಟೆಂಬರ್–ಅಕ್ಟೋಬರ್‌ನ ತೆಳು ಮೋಡದ ಬೆಳಗೇ ನನ್ನ ಆಯ್ಕೆ.

ಒದ್ದೆ ಕಲ್ಲು ಹೊಳೆಯುತ್ತದೆ. ಆ ಹೊಳಪು ಬಣ್ಣವನ್ನು ಮುಚ್ಚುತ್ತದೆ. ಪೋಲರೈಸರ್ ಫಿಲ್ಟರ್ ಹಾಕಿ, ಹೊಳಪು ಪೂರ್ತಿ ಮಾಯವಾಗುವವರೆಗೆ ತಿರುಗಿಸಿ, ಆಮೇಲೆ ಕೊಂಚ ಹಿಂದಕ್ಕೆ ತರುತ್ತೇನೆ. ಪೂರ್ತಿ ತೆಗೆದರೆ ಕಲ್ಲು ಒದ್ದೆ ಅನ್ನುವುದೇ ಗೊತ್ತಾಗದು. ಫಿಲ್ಟರ್ ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ನುಂಗುವುದರಿಂದ ಟ್ರೈಪಾಡ್ ಬೇಕೇ ಬೇಕು. ಸೆನ್ಸರ್‌ನ ಸಂವೇದನೆ ಐಎಸ್‌ಒ 100, ಲೆನ್ಸ್ ರಂಧ್ರ ಎಫ್ 8 ಅಥವಾ 11. ಎಫ್ 22ಕ್ಕೆ ಹೋದರೆ ಬೆಳಕು ಸಣ್ಣ ರಂಧ್ರದಲ್ಲಿ ಹರಡಿ ಕಲ್ಲಿನ ಕಣ ಮಸುಕಾಗುತ್ತದೆ.

ದಿಂಬಿನ ಆಕಾರಕ್ಕೆ ಮಾತ್ರ ಮೋಡ ಸಾಲದು, ಓರೆ ಬಿಸಿಲು ಬೇಕು. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ ಒಳ್ಳೆಯದು. ಒಂದೊಂದು ದಿಂಬಿನ ಅಂಚಿನಲ್ಲೂ ನುಣ್ಣನೆಯ, ಒಳಭಾಗಕ್ಕಿಂತ ಬೇರೆ ಛಾಯೆಯ ಪಟ್ಟಿ ಇರುತ್ತದೆ. ನೀರು ತಾಗಿ ಥಟ್ಟನೆ ತಣಿದ ಭಾಗ ಅದು. ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಚೂಪಾಗಿ ಕೆಳಗಿನೆರಡು ದಿಂಬುಗಳ ಸಂದಿಗೆ ಇಳಿದಿರುತ್ತದೆ. ಈ ಅಂಚು, ಈ ಸಂದಿ ಎರಡೂ ಚೌಕಟ್ಟಿನಲ್ಲಿ ಬಾರದಿದ್ದರೆ ಚಿತ್ರ ಬರೀ ಕಲ್ಲಿನ ರಾಶಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಪೆನ್ನೋ ಲೆನ್ಸ್ ಮುಚ್ಚಳವೋ ಇಡಿ. ಹೊಸ ಮುಖ ಸಿಗಲೆಂದು ಕಲ್ಲು ಒಡೆಯುವುದು ಬೇಡವೇ ಬೇಡ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಡೆಯ, ಗಾಳಿಯಂತ್ರಗಳಿರುವ ಗುಡ್ಡಸಾಲಿಗೆ ದೂರದ್ದನ್ನು ಹತ್ತಿರ ತರುವ 70–200 ಎಂಎಂ ಲೆನ್ಸ್ ಸಾಕು. ಹೊತ್ತೇರಿದ ಮೇಲೆ ನೆಲದ ಝಳಕ್ಕೆ ದೂರದ ಗೆರೆಗಳು ಕುಣಿಯುತ್ತವೆ. ಲೆನ್ಸ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಗಾಳಿಯಂತ್ರದ ರೆಕ್ಕೆ ನಿಂತಂತೆ ಕಾಣಲು 1/250 ಸೆಕೆಂಡು ಸಾಕಾಗುತ್ತದೆ. ಗಾಳಿ ಜೋರಿದ್ದಾಗ ಟ್ರೈಪಾಡ್‌ನ ನಡುಗಂಬ ಎತ್ತಬಾರದು, ಬಯಲಲ್ಲಿ ಲೆನ್ಸ್ ಬದಲಿಸಬಾರದು. ಸೆನ್ಸರ್‌ಗೆ ಧೂಳು ಕೂತರೆ ಆಕಾಶದ ತುಂಬ ಚುಕ್ಕೆ.

ಬಿಳಿಯನ್ನು ಬಿಳಿಯಾಗಿಸಲು ಕ್ಯಾಮೆರಾ ತಾನೇ ಬಣ್ಣ ತಿದ್ದುವ ಆಟೊ ವೈಟ್ ಬ್ಯಾಲೆನ್ಸ್ ಬೆಳಗಿನ ಕೆಂಪನ್ನು ಅಳಿಸಿಬಿಡುತ್ತದೆ. ಅದನ್ನು ಹಗಲು ಬೆಳಕಿನ 5500 ಕೆಲ್ವಿನ್‌ಗೆ ಕಟ್ಟಿಹಾಕಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲೇ ತೆಗೆಯುತ್ತೇನೆ. ಮೊದಲ ಚಿತ್ರ ಗ್ರೇ ಕಾರ್ಡ್‌ನದು, ಅಂದರೆ ಆಮೇಲೆ ಬಣ್ಣ ಸರಿಹೊಂದಿಸಲು ನೆರವಾಗುವ ಬೂದು ಹಲಗೆಯದು. ಕೆಂಪು ನೆಲ ಸೇರಿದ್ದರೆ ಮೂರು ಬಣ್ಣದ ಹಿಸ್ಟೋಗ್ರಾಮ್ (ಕಪ್ಪಿನಿಂದ ಬೆಳಕಿನವರೆಗಿನ ಹಂಚಿಕೆಯ ನಕ್ಷೆ) ನೋಡಿ, ಕೆಂಪಿನ ಗೆರೆ ಬಲತುದಿಗೆ ತಾಗಿದರೆ ಎಕ್ಸ್‌ಪೋಷರ್ 2/3 ಸ್ಟಾಪ್ ಇಳಿಸಿ. ಕಂಪ್ಯೂಟರ್‌ನಲ್ಲಿ ಸ್ಯಾಚುರೇಷನ್ ಏರಿಸಿದರೆ ಕ್ಲೋರೈಟ್ ಹಸಿರು ಭತ್ತದ ಗದ್ದೆಯಂತಾಗುತ್ತದೆ. ನಾನು ಮುಟ್ಟುವುದು ಕಾಂಟ್ರಾಸ್ಟ್ ಮಾತ್ರ. ಕೊನೆಗೆ ಹೆಚ್ಚಿನ ಪರದೆಗಳು ಬಳಸುವ ಬಣ್ಣದ ಮಾದರಿಯಾದ ಎಸ್‌ಆರ್‌ಜಿಬಿಯಲ್ಲೇ ಉಳಿಸಿ. ಇನ್ನೊಂದು ಮಾದರಿಯಾದ ಅಡೋಬ್ ಆರ್‌ಜಿಬಿಯ ಫೈಲು ಕೆಲವು ಫೋನ್‌ಗಳಲ್ಲಿ ಬಿಳಿಚಿಕೊಂಡು ಕಾಣುತ್ತದೆ.