ಪುಟಗಳ ಸ್ಥಳಾಂತರ: ಕರ್ನಲ್ ಕೈಗೆಷ್ಟು, ನಮ್ಮ ಕೈಗೆಷ್ಟು

ತೋರಣಗಲ್ಲು ಕಡೆಯ ಉಕ್ಕಿನ ಕುಲುಮೆಗಳ ಸೆನ್ಸರ್ ಡೇಟಾ ಬಳ್ಳಾರಿಯಲ್ಲಿರುವ ನಮ್ಮ ಎರಡು ಸಾಕೆಟ್ಟಿನ ಲಿನಕ್ಸ್ ಸರ್ವರ್‌ಗೆ ಬಂದು ಬೀಳುತ್ತದೆ. ಯಂತ್ರದ ಮೇಲೆ ಮೂರು ಕೆಲಸ: ಡೇಟಾ ಹಿಡಿಯುವ ಪ್ರೋಗ್ರಾಂ, ಡೇಟಾಬೇಸ್, ರಾತ್ರಿಯ ವರದಿ ಬ್ಯಾಚ್. ಇಂಥ ಯಂತ್ರದಲ್ಲಿ ಪ್ರತಿ ಸಾಕೆಟ್ಟಿಗೂ ತನ್ನದೇ ಹತ್ತಿರದ ಮೆಮೊರಿ ಇರುತ್ತದೆ. ಈ ವ್ಯವಸ್ಥೆಗೆ ನ್ಯೂಮಾ, ಒಂದು ಸಾಕೆಟ್ ಮತ್ತು ಅದರ ಮೆಮೊರಿಯ ಜೋಡಿಗೆ ನೋಡ್ ಅನ್ನುತ್ತಾರೆ. ಪಕ್ಕದ ನೋಡ್‌ನ ಮೆಮೊರಿ ಮುಟ್ಟುವುದು ನಿಧಾನ. ಮೆಮೊರಿಯ ಪುಟಗಳನ್ನು (ಸಾಮಾನ್ಯವಾಗಿ 4 ಕೆಬಿ ತುಂಡುಗಳು) ನೋಡ್‌ನಿಂದ ನೋಡ್‌ಗೆ ಒಯ್ಯುವುದರಲ್ಲಿ ಮೂರಕ್ಕೂ ಒಂದೇ ನೀತಿ ಹೊಂದುವುದಿಲ್ಲ.

ಪುಟಗಳನ್ನು ಬಳಸುವವರ ಹತ್ತಿರಕ್ಕೆ ತಾನಾಗಿಯೇ ಒಯ್ಯುವ ಕರ್ನಲ್‌ನ ನ್ಯೂಮಾ ಬ್ಯಾಲೆನ್ಸಿಂಗ್, ಪ್ರೊಸೆಸ್‌ನ ಮೆಮೊರಿಯನ್ನು ಸರದಿಯಂತೆ, ಡಿಫಾಲ್ಟಾಗಿ 256 ಎಂಬಿಯಷ್ಟು, ಗುರುತು ಹಾಕುತ್ತ ಹೋಗುತ್ತದೆ. ಗುರುತಾದ ಪುಟವನ್ನು ಪ್ರೋಗ್ರಾಂ ಮುಟ್ಟಿದರೆ ಫಾಲ್ಟ್, ಅಂದರೆ ಕೆಲಸ ಅರೆಕ್ಷಣ ನಿಂತು ಕರ್ನಲ್‌ಗೆ ಹೋಗುತ್ತದೆ. ಒಂದೇ ನೋಡ್‌ನಿಂದ ಬೆನ್ನುಬೆನ್ನಿಗೆ ಎರಡು ಸಲ ಫಾಲ್ಟ್ ಬಂದರೆ ಸಾಮಾನ್ಯವಾಗಿ ಪುಟ ಅಲ್ಲಿಗೆ ಹೊರಡುತ್ತದೆ. 4 ಕೆಬಿ ನಕಲಿಗೆ ಹೆಚ್ಚು ಹೊತ್ತು ಬೇಡ. ದುಬಾರಿಯಾಗುವುದು ಆ ಫಾಲ್ಟ್ ಮತ್ತು ಉಳಿದ ಕೋರ್‌ಗಳ ಟಿಎಲ್‌ಬಿ (ಪುಟದ ವಿಳಾಸಗಳನ್ನು ನೆನಪಿಟ್ಟುಕೊಳ್ಳುವ ಕ್ಯಾಶ್) ತೊಳೆಯುವುದು. ಬ್ಯಾಚ್‌ಗೆ ಇದು ಲೆಕ್ಕಕ್ಕಿಲ್ಲ, ಅದನ್ನು ಕರ್ನಲ್‌ಗೇ ಬಿಟ್ಟೆವು. ಡೇಟಾ ಹಿಡಿಯುವ ಪ್ರೋಗ್ರಾಂ ಮಾತ್ರ ಅಲ್ಲೇ ಮುಗ್ಗರಿಸುತ್ತದೆ.

ಬ್ಯಾಲೆನ್ಸಿಂಗ್ ಸ್ವಿಚ್ ಇಡೀ ಯಂತ್ರಕ್ಕೆ ಒಂದೇ. ಹಾಗಾಗಿ ಅದನ್ನು ಮುಟ್ಟದೆ, ಡೇಟಾ ಹಿಡಿಯುವ ಆ ಒಂದು ಸರ್ವಿಸ್‌ನ ಸಿಸ್ಟಮ್‌ಡಿ ಯೂನಿಟ್ಟಿನಲ್ಲಿ (ಸರ್ವಿಸ್ ಶುರು ಮಾಡುವ ಸೆಟ್ಟಿಂಗ್ ಕಡತ) ನ್ಯೂಮಾಪಾಲಿಸಿ ಬೈಂಡ್, ನ್ಯೂಮಾಮಾಸ್ಕ್ 0, ಸಿಪಿಯುಅಫಿನಿಟಿ ನ್ಯೂಮಾ ಎಂಬ ಮೂರು ಸಾಲು ಸೇರಿಸಿದೆವು. ಇದರಿಂದ ಅದರ ಮೆಮೊರಿ, ಸಿಪಿಯು ಎರಡೂ ಒಂದೇ ನೋಡ್‌ಗೆ ಕಟ್ಟಿಬೀಳುತ್ತವೆ. ನೆಟ್‌ವರ್ಕ್ ಕಾರ್ಡ್ ಯಾವ ನೋಡ್‌ಗೆ ಸೇರಿದೆಯೋ ಅದೇ ಸಂಖ್ಯೆ ಹಾಕಬೇಕು. ನಮ್ಮಲ್ಲಿ ಅದು 0. ಹೀಗೆ ಬೈಂಡ್ ಆದ ಪ್ರೊಸೆಸ್‌ನ ಪುಟಗಳಿಗೆ ಬ್ಯಾಲೆನ್ಸಿಂಗ್ ಕೈ ಹಾಕುವುದಿಲ್ಲ, ಪ್ರೋಗ್ರಾಂ ತಾನೇ ಕೇಳಿಕೊಂಡರೆ ಬೇರೆ ಮಾತು. ಅಪಾಯವೂ ಇದೆ: ಪಕ್ಕದ ನೋಡ್‌ನಲ್ಲಿ ಎಷ್ಟೇ ಖಾಲಿ ಇರಲಿ, ಈ ನೋಡ್ ತುಂಬಿದರೆ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಕರ್ನಲ್ ಭಾಗ) ಬರುತ್ತದೆ. ಬೈಂಡ್ ಮಾಡುವ ಮೊದಲು ನ್ಯೂಮಾಸ್ಟ್ಯಾಟ್‌ನಲ್ಲಿ ಎರಡೂ ನೋಡ್‌ಗಳ ಖಾಲಿ ಜಾಗ ನೋಡಿ.

ಡೇಟಾಬೇಸ್‌ನ ಹಂಚಿಕೆಯ ಬಫರನ್ನು ಎರಡೂ ಸಾಕೆಟ್ಟಿನ ಪ್ರೊಸೆಸ್‌ಗಳು ಮುಟ್ಟುತ್ತವೆ. ಪುಟವನ್ನು ಎಲ್ಲಿಗೆ ಒಯ್ದರೂ ಅರ್ಧದಷ್ಟು ಜನಕ್ಕೆ ದೂರವೇ, ಒಯ್ದು ಫಲವಿಲ್ಲ. ಅದಕ್ಕೆ 2 ಎಂಬಿಯ ಕಾಯ್ದಿರಿಸಿದ ಹ್ಯೂಜ್ ಪೇಜ್‌ಗಳನ್ನು (ದೊಡ್ಡ ಪುಟಗಳು) ಎರಡೂ ನೋಡ್‌ಗಳಲ್ಲಿ ಸಮನಾಗಿಟ್ಟು, ಇಂಟರ್‌ಲೀವ್‌ನಲ್ಲಿ, ಅಂದರೆ ಪುಟಗಳನ್ನು ನೋಡ್‌ಗಳಿಗೆ ಸರದಿಯಂತೆ ಹಂಚಿ, ಓಡಿಸಿದೆವು. ಇಂಥ ಪುಟಗಳನ್ನೂ ಬ್ಯಾಲೆನ್ಸಿಂಗ್ ಬಿಟ್ಟು ಮುಂದೆ ಹೋಗುತ್ತದೆ.

ಓಡುತ್ತಿರುವಾಗಲೇ ಜಾಗ ಬದಲಿಸಬೇಕಾದರೆ ಸಿಗ್ರೂಪ್ (ಪ್ರೊಸೆಸ್‌ಗಳನ್ನು ಗುಂಪು ಮಾಡಿ ಮಿತಿ ಹಾಕುವ ಕರ್ನಲ್ ಸೌಲಭ್ಯ) ಎರಡನೇ ಆವೃತ್ತಿಯಲ್ಲಿ ಸಿಪಿಯುಸೆಟ್‌ನ ಮೆಮ್ಸ್ ಕಡತಕ್ಕೆ ಹೊಸ ನೋಡ್ ಬರೆದರೆ ಸಾಕು, ಹಳೆಯ ಪುಟಗಳೂ ಹೊರಡುತ್ತವೆ. ಆದರೆ ಎಲ್ಲವೂ ಬರುವುದಿಲ್ಲ. ಮೆಮೊರಿಯನ್ನು ಸಾಧನಗಳೇ ನೇರವಾಗಿ ಮುಟ್ಟಲು ಬಿಡುವ ಆರ್‌ಡಿಎಂಎ ಅಥವಾ ವಿಎಫ್ಐಒ ಪಿನ್ ಮಾಡಿದ (ಕದಲದಂತೆ ಹಿಡಿದಿಟ್ಟ) ಪುಟ ಅಲ್ಲೇ ಕೂರುತ್ತದೆ. ಮೊದಲೇ ಸರಿಯಾದ ನೋಡ್ ಬರೆದು ಆಮೇಲೆ ಪ್ರೋಗ್ರಾಂ ಶುರು ಮಾಡುವುದೇ ಮೇಲು.

ಎಂಲಾಕ್ ಮಾಡಿದ ಪುಟ ಕದಲುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಎಂಲಾಕ್ ತಡೆಯುವುದು ಸ್ವಾಪನ್ನು (ಪುಟ ಡಿಸ್ಕಿಗೆ ಹೋಗುವುದನ್ನು) ಮಾತ್ರ. ಕಂಪ್ಯಾಕ್ಷನ್, ಅಂದರೆ ದೊಡ್ಡ ಖಾಲಿ ಜಾಗಕ್ಕಾಗಿ ಕರ್ನಲ್ ಪುಟಗಳನ್ನು ಒತ್ತಟ್ಟಿಗೆ ಸರಿಸುವ ಕೆಲಸ, ಆ ಪುಟವನ್ನೂ ಎತ್ತಿಡುತ್ತದೆ. ಬೇಡವಾದರೆ ವಿಎಂ ಸಿಸ್‌ಸಿಟಿಎಲ್‌ಗಳಲ್ಲಿ (ಕರ್ನಲ್‌ನ ಮೆಮೊರಿ ಸೆಟ್ಟಿಂಗ್‌ಗಳು) ಕಂಪ್ಯಾಕ್ಟ್_ಅನ್‌ಎವಿಕ್ಟಬಲ್_ಅಲೌಡ್ 0 ಮಾಡಿ. ಕರ್ನಲ್ ಹಿನ್ನೆಲೆಯಲ್ಲಿ ಮುಂಚಿತವಾಗಿ ಎಷ್ಟು ಕಂಪ್ಯಾಕ್ಷನ್ ಮಾಡಬೇಕೆನ್ನುವ ಕಂಪ್ಯಾಕ್ಷನ್_ಪ್ರೊಆಕ್ಟಿವ್‌ನೆಸ್ ಡಿಫಾಲ್ಟ್ 20. ನಾವು 0ಗೆ ಇಳಿಸಿದ್ದೇವೆ.

ಎಷ್ಟು ಪುಟ ಕದಲಿದವೆಂದು ಹೇಳುವ, ವಿಎಂಸ್ಟ್ಯಾಟ್ ಕಡತದ ಪಿಜಿಮೈಗ್ರೇಟ್_ಸಕ್ಸೆಸ್ ಕಂಪ್ಯಾಕ್ಷನ್‌ನ ಲೆಕ್ಕವನ್ನೂ ಸೇರಿಸಿಕೊಳ್ಳುತ್ತದೆ, ಬ್ಯಾಲೆನ್ಸಿಂಗ್ ನಿಲ್ಲಿಸಿದರೂ ಏರುತ್ತದೆ. ಬ್ಯಾಲೆನ್ಸಿಂಗ್‌ನದಷ್ಟೇ ಬೇಕಾದರೆ ನ್ಯೂಮಾ_ಪೇಜಸ್_ಮೈಗ್ರೇಟೆಡ್ ನೋಡಿ.